ಎಣಿಕೆಯಿಂದ ತಪ್ಪಿಸಿಕೊಂಡವರ ವಾದ

ಜನಗಣತಿಯಲ್ಲಿ ಜಾತಿಯನ್ನು ಎಣಿಸಿದರೆ ಜಾತಿ ಬಲಿಯುತ್ತದೆ, ಎಣಿಸದೆ ಬಿಟ್ಟರೆ ಅದು ತಾನಾಗಿ ಸವೆದುಹೋಗುತ್ತದೆ ಎಂಬ ನಂಬಿಕೆ ಕರ್ನಾಟಕದ ವಿದ್ಯಾವಂತ ವಲಯಗಳಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದಕ್ಕೆ ಆಧಾರ ಕೊಡಬೇಕೆಂದೇ ಯಾರಿಗೂ ತೋರುವುದಿಲ್ಲ. 2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿಯು ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ದಾಖಲಿಸಲು ಒಪ್ಪಿಗೆ ನೀಡಿ, ಜೂನ್ 16ರ ಅಧಿಸೂಚನೆಯು ಹಿಮಪ್ರದೇಶಗಳನ್ನು ಬಿಟ್ಟು ಉಳಿದೆಡೆ 2027ರ ಮಾರ್ಚ್ 1ನ್ನು ಗಣತಿಯ ಆಧಾರ ದಿನವೆಂದು ಗೊತ್ತುಪಡಿಸಿದ ಮೇಲೂ ಆ ನಂಬಿಕೆ ಕದಲಿಲ್ಲ. ಸರ್ಕಾರ ಓಟಿನ ಆಸೆಗೆ ಮಣಿಯಿತು, ದೇಶ 1931ಕ್ಕೆ ಹಿಂದಿರುಗಿತು ಎಂಬ ಗೊಣಗಾಟವಾಗಿ ಅದು ಮುಂದುವರಿದಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ಒಂದಕ್ಕೊಂದು ಅಂಟಿಕೊಂಡ ಈ ಮೂರೂ ಕಡೆ ಜಾತಿಯ ಎಣಿಕೆ ಎಂದೂ ನಿಂತಿರಲಿಲ್ಲ, ನಿಂತದ್ದು ಕೆಲವರ ಪಾಲಿಗೆ ಮಾತ್ರ.

ಜಾತಿ ಎಣಿಕೆ 1931ರಲ್ಲಿ ಮುಗಿಯಿತು ಎಂಬ ಮಾತು ಅರ್ಧ ಸತ್ಯ. 1941ರಲ್ಲಿಯೂ ಜಾತಿಯ ಪ್ರಶ್ನೆ ಕೇಳಲಾಗಿತ್ತು, ಯುದ್ಧಕಾಲದ ಮಿತವ್ಯಯದಿಂದ ಅದರ ಪೂರ್ಣ ಕೋಷ್ಟಕಗಳು ಸಿದ್ಧವಾಗಲಿಲ್ಲ. 1951ರಿಂದ 2011ರವರೆಗಿನ ಪ್ರತಿಯೊಂದು ಗಣತಿಯೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳನ್ನು, ಅಂದರೆ ಸಂವಿಧಾನದ 341 ಮತ್ತು 342ನೇ ವಿಧಿಗಳ ಅಡಿಯಲ್ಲಿ ರಾಷ್ಟ್ರಪತಿಯವರ ಆದೇಶದಿಂದ ರಾಜ್ಯವಾರು ಪಟ್ಟಿಗೆ ಸೇರಿದ ಸಮುದಾಯಗಳನ್ನು, ಎಣಿಸುತ್ತಲೇ ಬಂದಿದೆ. 2011ರ ಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಜನಸಂಖ್ಯೆ 19,28,812. ಅದರಲ್ಲಿ ಪರಿಶಿಷ್ಟ ಜಾತಿಯವರು ಹೆಚ್ಚುಕಡಿಮೆ ಶೇ 21, ಪರಿಶಿಷ್ಟ ಪಂಗಡದವರು ಶೇ 19. ಅಂದರೆ ಹತ್ತರಲ್ಲಿ ನಾಲ್ವರ ಜಾತಿಯನ್ನು ಗಣತಿದಾರನು ಮನೆ ಬಾಗಿಲಿಗೆ ಹೋಗಿ ಕೇಳಿದ್ದಾನೆ, ಬರೆದುಕೊಂಡಿದ್ದಾನೆ, ಅಚ್ಚು ಮಾಡಿಸಿದ್ದಾನೆ. ಉಳಿದ ಆರು ಮಂದಿ, ಲಿಂಗಾಯತ, ಕುರುಬ, ಕಬ್ಬಲಿಗ, ರೆಡ್ಡಿ, ಕಮ್ಮ, ಬ್ರಾಹ್ಮಣ, ಉಪ್ಪಾರ, ಮಡಿವಾಳ ಎಂಬ ಭೇದವಿಲ್ಲದೆ, ಸರ್ಕಾರದ ಪುಸ್ತಕದಲ್ಲಿ ಹೆಸರಿಲ್ಲದ ಒಂದು ಶೇಷವಾಗಿ ಉಳಿದಿದ್ದಾರೆ. ಅರ್ಧ ಕಣವನ್ನು ಮಾತ್ರ ಅಳೆದು ರಾಶಿಯ ಲೆಕ್ಕ ಮುಗಿಯಿತೆನ್ನುವ ಈ ಪದ್ಧತಿಗೆ ಜಾತ್ಯತೀತತೆ ಎಂಬ ದೊಡ್ಡ ಹೆಸರು ಬಂದದ್ದು ಸೋಜಿಗವೇ ಸರಿ.

ಈ ಅರೆ ಎಣಿಕೆಯ ಫಲ ಈ ಭಾಗದ ರಾಜಕೀಯ ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಜನಸಂಖ್ಯೆಗೆ ಅನುಗುಣವಾಗಿ ಚುನಾವಣಾ ಕ್ಷೇತ್ರಗಳ ಗಡಿ ಮತ್ತು ಮೀಸಲಾತಿಯನ್ನು ಹೊಸದಾಗಿ ನಿಗದಿ ಮಾಡುವ ಕ್ಷೇತ್ರ ಪುನರ್ವಿಂಗಡಣೆಯು 2001ರ ಗಣತಿಯನ್ನು ಆಧಾರವಾಗಿಟ್ಟುಕೊಂಡು 2008ರ ಚುನಾವಣೆಯಿಂದ ಜಾರಿಗೆ ಬಂದಾಗ, ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಮಸ್ಕಿ, ಮಾನ್ವಿ, ದೇವದುರ್ಗ ಮತ್ತು ರಾಯಚೂರು ಗ್ರಾಮೀಣ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾದವು; ಸಿಂಧನೂರು ಮತ್ತು ರಾಯಚೂರು ನಗರ ಸಾಮಾನ್ಯ ಕ್ಷೇತ್ರಗಳಾಗಿ ಉಳಿದವು. ಎಣಿಕೆಯೇ ಜಾತಿಯನ್ನು ಬೆಳೆಸುವುದು ನಿಜವಾದರೆ, ಎಣಿಕೆಯಿಂದಲೇ ಮೀಸಲಾದ ಮಸ್ಕಿ ಮತ್ತು ಲಿಂಗಸುಗೂರಿನಲ್ಲಿ ಜಾತಿಯ ಕಾವು ಏರಿ, ಸಿಂಧನೂರಿನಲ್ಲಿ ಅದು ತಣ್ಣಗಿರಬೇಕಿತ್ತು. ಈ ಪ್ರದೇಶವನ್ನು ಬಲ್ಲ ಯಾರೂ ಹಾಗೆ ಹೇಳಲಾರರು. ಸಾಮಾನ್ಯ ಕ್ಷೇತ್ರದಲ್ಲಿಯೇ ಟಿಕೆಟ್ ಹಂಚಿಕೆಯ ಹೊತ್ತಿಗೆ ಯಾವ ಸಮುದಾಯದ ಮತಗಳೆಷ್ಟು ಎಂಬ ಊಹೆಯ ಪಟ್ಟಿಗಳು ಪಕ್ಷದ ಕಚೇರಿಗಳಲ್ಲಿ ಓಡಾಡುತ್ತವೆ, ಪತ್ರಿಕೆಗಳ ಕ್ಷೇತ್ರ ಪರಿಚಯದ ಅಂಕಣಗಳಲ್ಲಿಯೂ ಅವೇ ಅಚ್ಚಾಗುತ್ತವೆ, ಮತ್ತು ಪ್ರತಿಯೊಂದು ಸಮುದಾಯದ ಮುಖಂಡನೂ ತನ್ನ ಸಂಖ್ಯೆಯನ್ನು ಹಿಗ್ಗಿಸಿ ಹೇಳುತ್ತಾನೆ. ಎಲ್ಲ ಮುಖಂಡರ ಅಂಕಿಗಳನ್ನು ಕೂಡಿದರೆ ಮತದಾರರ ಪಟ್ಟಿಯೇ ಸಾಲದಾಗುತ್ತದೆ. ಜಾತಿಯ ಲೆಕ್ಕವಿಲ್ಲದ ಊರು ಎಂಬುದು ಎಲ್ಲಿಯೂ ಇಲ್ಲ. ಇರುವುದು ಪರಿಶೀಲನೆಗೆ ಸಿಗುವ ಲೆಕ್ಕ, ಇಲ್ಲವೇ ಪರಿಶೀಲನೆಗೆ ಸಿಗದ ಲೆಕ್ಕ.

ಜಾತಿಯನ್ನು ಕೇಳುವುದೇ ಅಸಭ್ಯವೆಂಬ ಆಕ್ಷೇಪಕ್ಕೂ ಇದೇ ಅಸಮತೆ ಅಂಟಿಕೊಂಡಿದೆ. ಲಿಂಗಸುಗೂರು ಸೀಮೆಯ ತಾಂಡಾದ, ಅಂದರೆ ಲಂಬಾಣಿಗರ ವಸತಿಯ, ಹುಡುಗಿ ಶಾಲೆಗೆ ಸೇರಿದ ದಿನ ದಾಖಲಾತಿ ಪುಸ್ತಕದಲ್ಲಿ ಅವಳ ಜಾತಿ ಬರೆಯಲಾಗುತ್ತದೆ. ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್ಲಿಗೆ, ಕಾಲೇಜಿಗೆ, ಕೆಲಸದ ಅರ್ಜಿಗೆ ಅವಳು ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತರಬೇಕು. ಸಂಶಯ ಬಂದರೆ ಸಿಂಧುತ್ವ ಪರಿಶೀಲನೆಗೆ ಹಾಜರಾಗಬೇಕು. ಹೀಗೆ ಹುಟ್ಟಿನಿಂದ ನಿವೃತ್ತಿಯವರೆಗೆ ಜಾತಿಯನ್ನು ಸಾಬೀತು ಮಾಡುತ್ತಲೇ ಇರಬೇಕಾದವರ ಮುಂದೆ, ಒಂದು ಸಲವೂ ಆ ಪ್ರಶ್ನೆಗೆ ಉತ್ತರಿಸಬೇಕಾಗದವರು ನಿಂತು, ಜಾತಿ ಕೇಳುವುದು ಸಣ್ಣತನವೆಂದು ಬೋಧಿಸುತ್ತಾರೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಭಾಗವಹಿಸುವುದು ಐಚ್ಛಿಕವೆಂದು ಹೈಕೋರ್ಟ್ ಸ್ಪಷ್ಟಪಡಿಸಿದ ಮೇಲೆ, ಮಾಹಿತಿ ಕೊಡಲು ನಿರಾಕರಿಸಿದವರ ಸಾಲಿನಲ್ಲಿ ಬೆಂಗಳೂರಿನ ಅನುಕೂಲಸ್ಥ ಮನೆಗಳು ಎದ್ದು ಕಂಡವು. ನಿರಾಕರಣೆ ಅವರ ಹಕ್ಕಾಗಿತ್ತು, ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಜಾತಿಯನ್ನು ಹೇಳದಿದ್ದರೂ ಏನೂ ಕಳೆದುಕೊಳ್ಳದ ಸ್ಥಿತಿಯೇ ಜಾತಿ ಕೊಟ್ಟ ಆಸ್ತಿ ಎಂಬುದನ್ನು ಅವರು ಗಮನಿಸಿದಂತಿಲ್ಲ.

ಎಣಿಕೆಯ ವಿರೋಧಿಗಳ ಬಳಿ ಇದಕ್ಕಿಂತ ಗಂಭೀರವಾದ ವಾದವೊಂದಿದೆ, ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಸಡಿಲವಾಗಿ, ಊರಿಂದೂರಿಗೆ ಬದಲಾಗುತ್ತಿದ್ದ ಗುರುತುಗಳನ್ನು ವಸಾಹತುಶಾಹಿ ಗಣತಿಯು ಕಲ್ಲಿನಂತೆ ಗಟ್ಟಿ ಮಾಡಿತು ಎಂಬುದು ಆ ವಾದ. 1901ರ ಗಣತಿಯಲ್ಲಿ ಎಚ್.ಎಚ್. ರಿಸ್ಲೆ ಜಾತಿಗಳನ್ನು ಸಾಮಾಜಿಕ ಮೇಲ್ಮೆಯ ಕ್ರಮದಲ್ಲಿ ಜೋಡಿಸಲು ಹೊರಟಾಗ ಮೇಲಿನ ಮೆಟ್ಟಿಲಿಗಾಗಿ ಅರ್ಜಿಗಳ ಮಳೆಯೇ ಸುರಿಯಿತು, ಜಾತಿ ಸಂಘಗಳು ಅದರಿಂದ ಚುರುಕಾದವು ಎಂಬುದು ನಿಜ. ಆದರೆ ಆ ಹಾನಿಗೆ ಕಾರಣವಾದದ್ದು ಶ್ರೇಣಿ ಕಟ್ಟುವ ಹುಚ್ಚು. ಇಂದು ಯಾವ ಗಣತಿಯೂ ಶ್ರೇಣಿಯನ್ನು ಕೇಳುವುದಿಲ್ಲ. ಮೇಲಾಗಿ ಗಣತಿ ಇಲ್ಲದ ಕಾಲದ ಕುಲಾಭಿಮಾನವನ್ನು ಕಲ್ಯಾಣದ ಶರಣರೂ ಕನಕದಾಸರೂ ಏಕೆ ಅಷ್ಟೊಂದು ತೀವ್ರವಾಗಿ ಪ್ರಶ್ನಿಸಿದರು ಎಂಬುದಕ್ಕೆ ರಿಸ್ಲೆಯನ್ನು ಹೊಣೆ ಮಾಡಲಾಗದು.

ವಸಾಹತು ಗಣತಿಯ ಇನ್ನೊಂದು ಮುಖವನ್ನು ಈ ವಾದದವರು ಮುಚ್ಚಿಡುತ್ತಾರೆ. ರಾಯಚೂರು ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1905ರವರೆಗೂ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿತ್ತು. ಆ ಸಂಸ್ಥಾನದಲ್ಲಿ ಭಾಗ್ಯರೆಡ್ಡಿ ವರ್ಮ ಅವರ ಚಳವಳಿಯ ಒತ್ತಾಯದಿಂದ, ಅಸ್ಪೃಶ್ಯರೆಂದು ಹಳಿಯಲಾದ ಸಮುದಾಯಗಳು 1931ರ ಗಣತಿಯಲ್ಲಿ ಆದಿ ಹಿಂದೂ ಎಂಬ ಹೆಸರನ್ನು ಪಡೆದವು. ಬಂಗಾಳದಲ್ಲಿ ಚಂಡಾಲರೆಂದು ದಾಖಲಾಗುತ್ತಿದ್ದ ಸಮುದಾಯವು ಹಲವು ವರ್ಷ ಹೋರಾಡಿ 1911ರ ಗಣತಿಯಲ್ಲಿ ನಾಮಶೂದ್ರ ಎಂಬ ಹೆಸರನ್ನು ದಕ್ಕಿಸಿಕೊಂಡಿತು. ಮೇಲೇರಲು ಅರ್ಜಿ ಹಾಕಿದವರಂತೆಯೇ, ಬೈಗುಳವಾಗಿದ್ದ ಹೆಸರನ್ನು ಕಳಚಿಕೊಳ್ಳಲು ಅರ್ಜಿ ಹಾಕಿದವರೂ ಇದ್ದರು. ಗಣತಿಯು ಜಾತಿಯನ್ನು ಹೆಪ್ಪುಗಟ್ಟಿಸಿತೆಂಬ ಚರಿತ್ರೆಯಲ್ಲಿ ಈ ಎರಡನೆಯವರಿಗೆ ಜಾಗವೇ ಇಲ್ಲ.

ನಾಮಶೂದ್ರರ ಕಥೆ ಬಂಗಾಳದಲ್ಲಿಯೇ ಮುಗಿದಿದ್ದರೆ ಅದನ್ನು ಇಲ್ಲಿ ಎತ್ತಬೇಕಾಗಿರಲಿಲ್ಲ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಹಿಂದೂ ಕುಟುಂಬಗಳನ್ನು ಸರ್ಕಾರವು ಸಿಂಧನೂರು ತಾಲ್ಲೂಕಿನಲ್ಲಿ ನೆಲೆಗೊಳಿಸಿ ಭೂಮಿ ಕೊಟ್ಟಿತು. ಅವರ ಪುನರ್ವಸತಿ ಊರುಗಳು ಇಂದಿಗೂ ಆರ್.ಎಚ್. ಕ್ಯಾಂಪ್‌ಗಳೆಂದು ಅಂಕಿಯಿಂದಲೇ ಗುರುತಿಸಲ್ಪಡುತ್ತವೆ, ಮತ್ತು ಅಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ನಾಮಶೂದ್ರ ಇದೆ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಪಟ್ಟಿಗಳು ರಾಜ್ಯವಾರು ಆಗಿರುವುದರಿಂದ, ಮತ್ತು ಗಣತಿಯು ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ ಬರೆದುಕೊಳ್ಳುತ್ತಿದ್ದುದರಿಂದ, ಈ ಜನ ತುಂಗಭದ್ರೆಯ ನೀರಾವರಿ ಸೀಮೆಗೆ ಬಂದು ಅರ್ಧ ಶತಮಾನ ಕಳೆದರೂ, ಜನಗಣತಿಯ ಕಣ್ಣಿಗೆ ಪಕ್ಕದ ಊರಿನ ಜಮೀನುದಾರರೊಡನೆ ಒಂದೇ ಸಾಲಿನಲ್ಲಿ ನಿಂತ ಇತರರಾಗಿದ್ದಾರೆ. 1946ರಲ್ಲಿ ಅಂಬೇಡ್ಕರ್ ಅವರು ಬಂಗಾಳದಿಂದ ಸಂವಿಧಾನ ಸಭೆಗೆ ಆಯ್ಕೆಯಾಗಲು ಜೋಗೇಂದ್ರನಾಥ ಮಂಡಲ್ ಮುಂತಾದ ನಾಮಶೂದ್ರ ನಾಯಕರು ಬೆನ್ನೆಲುಬಾಗಿ ನಿಂತಿದ್ದರು. ಅವರದೇ ಸಮುದಾಯದ ಜನ ಆ ಸಂವಿಧಾನದ ಅಡಿಯಲ್ಲಿ ತಯಾರಾದ ಪಟ್ಟಿಯೊಂದರಲ್ಲಿ ಹೆಸರಿಲ್ಲದವರಾದರು. ಅವರನ್ನು ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದು ಪ್ರತ್ಯೇಕ ವಿಚಾರ. ಅದನ್ನು ತೀರ್ಮಾನಿಸಬೇಕಾದವರ ಕೈಯಲ್ಲಿ ಅವರ ಸಂಖ್ಯೆ, ಓದು, ಹಿಡುವಳಿಗಳ ಅಧಿಕೃತ ಕೋಷ್ಟಕವೊಂದು ಇರಬೇಕಿತ್ತು. ಜಾತಿಯನ್ನು ಮರೆಯುವ ಗಣತಿಯು ಇಲ್ಲಿ ಯಾರ ಜಾತಿಯನ್ನೂ ಅಳಿಸಲಿಲ್ಲ, ಒಂದು ಸಮುದಾಯದ ಅಹವಾಲಿಗೆ ಬೇಕಾದ ಸಾಕ್ಷ್ಯವನ್ನು ಅಳಿಸಿತು.

ಎಣಿಕೆಯ ವಿರೋಧಿಗಳು ಅತ್ಯಂತ ಹುರುಪಿನಿಂದ ಮುಂದಿಡುವ ಉದಾಹರಣೆ ಪರಿಶಿಷ್ಟ ಪಂಗಡಗಳದು, ಮತ್ತು ಅದು ಮಸ್ಕಿಯ ಮನೆಯಂಗಳಕ್ಕೇ ಬಂದು ನಿಲ್ಲುತ್ತದೆ. ಕರ್ನಾಟಕದಲ್ಲಿ 1971ರಲ್ಲಿ 2,31,268 ಇದ್ದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 1981ರಲ್ಲಿ 18,25,203 ಆಯಿತು. 1991ರಲ್ಲಿ 19,15,691 ಇದ್ದದ್ದು 2001ರಲ್ಲಿ 34,63,986 ಆಯಿತು. ಸೌಲಭ್ಯದ ಆಸೆಗೆ ಜನ ಜಾತಿ ಬದಲಿಸುತ್ತಾರೆ, ಹೀಗಿರುವಾಗ ಎಣಿಕೆಗೆ ಬೆಲೆಯೇನು ಎಂದು ಈ ಅಂಕಿಗಳನ್ನು ತೋರಿಸಿ ಕೇಳಲಾಗುತ್ತದೆ. ಅಂಕಿಗಳ ಹಿಂದಿನ ಕಾನೂನನ್ನು ಓದಿದವರಿಗೆ ಚಿತ್ರ ಬೇರೆಯಾಗಿ ಕಾಣುತ್ತದೆ. 1976ರ ತಿದ್ದುಪಡಿಗೆ ಮುಂಚೆ ಪಂಗಡಗಳ ಪಟ್ಟಿ ಪ್ರದೇಶಗಳಿಗೆ ಕಟ್ಟುಬಿದ್ದಿತ್ತು: ನಾಯಕ ಎಂಬ ಹೆಸರು ಹಳೆಯ ಮುಂಬಯಿ ಪ್ರಾಂತ್ಯದ ಜಿಲ್ಲೆಗಳಿಗೆ ಅನ್ವಯಿಸುತ್ತಿತ್ತು, ರಾಯಚೂರು, ಗುಲಬರ್ಗಾ ಮತ್ತು ಬೀದರ್ ಜಿಲ್ಲೆಗಳ ಪಟ್ಟಿಯಲ್ಲಿದ್ದವರು ಭಿಲ್, ಚೆಂಚು, ಗೊಂಡ, ಕೋಯ, ತೋಟಿ ಮಾತ್ರ. ಸುರಪುರದ ನಾಯಕರು ಆಳಿದ ಸೀಮೆಯಲ್ಲಿಯೇ ಬೇಡ ಸಮುದಾಯವು ಗಣತಿಯ ಲೆಕ್ಕದಲ್ಲಿ ಪಂಗಡವಾಗಿರಲಿಲ್ಲ. ಪ್ರದೇಶದ ನಿರ್ಬಂಧ 1976ರಲ್ಲಿ ತೆಗೆದುಹೋಯಿತು. 1991ರಲ್ಲಿ ಬೇಡ, ಬೇಡರ್, ವಾಲ್ಮೀಕಿ ಎಂಬ ಪರ್ಯಾಯ ಹೆಸರುಗಳೂ, 2020ರಲ್ಲಿ ಪರಿವಾರ ಮತ್ತು ತಳವಾರ ಎಂಬ ಹೆಸರುಗಳೂ ಪಟ್ಟಿಗೆ ಬಂದವು. ಬದಲಾದದ್ದು ಬಹುಮಟ್ಟಿಗೆ ಪಟ್ಟಿ, ಜನರಲ್ಲ.

ಬಹುಮಟ್ಟಿಗೆ ಎಂಬ ಮಾತನ್ನು ಬೇಕೆಂದೇ ಬಳಸಲಾಗಿದೆ, ಏಕೆಂದರೆ ಹೆಸರಿನ ಹೋಲಿಕೆಯನ್ನು ಹಿಡಿದು ಪಟ್ಟಿಯೊಳಗೆ ನುಸುಳಿದವರು ಇದ್ದಾರೆ. ಭಿಕ್ಷಾಟನೆಯ ಅಲೆಮಾರಿಗಳಾದ ಬೇಡ ಜಂಗಮರ ಹೆಸರಿನಲ್ಲಿ ವೀರಶೈವ ಜಂಗಮರು ಪರಿಶಿಷ್ಟ ಜಾತಿ ಪ್ರಮಾಣಪತ್ರ ಪಡೆಯುತ್ತಿದ್ದಾರೆಂಬ ತಕರಾರು ಕಲ್ಯಾಣ ಕರ್ನಾಟಕದ ಉದ್ದಗಲಕ್ಕೂ ದಶಕಗಳಿಂದ ನಡೆದಿದೆ. ಆದರೆ ಈ ನುಸುಳಾಟ ಯಾವ ಎಣಿಕೆಯ ಅಡಿಯಲ್ಲಿ ನಡೆಯಿತು ಎಂಬುದನ್ನು ಕೇಳಬೇಕು. ಒಂದೇ ಕೋಣೆಗೆ ದೀಪ ಹಚ್ಚಿ ಉಳಿದ ಮನೆಯನ್ನು ಕತ್ತಲಲ್ಲಿಟ್ಟ ಅರೆ ಎಣಿಕೆಯ ಅಡಿಯಲ್ಲಿಯೇ ಅದು ನಡೆಯಿತು. ಎಲ್ಲ ಜಂಗಮರನ್ನೂ ಅವರವರ ಹೆಸರಿನಲ್ಲಿ ಎಣಿಸಿ, ಪ್ರತಿ ಗಣತಿಯಲ್ಲಿ ತಾಲ್ಲೂಕುವಾರು ಪ್ರಕಟಿಸಿದ್ದರೆ, ಒಂದು ಕಾಲಂ ಏರಿದಾಗ ಯಾವ ಕಾಲಂ ಇಳಿಯಿತೆಂದು ಯಾವ ಗುಮಾಸ್ತನಾದರೂ ಹೇಳುತ್ತಿದ್ದ. ಸುಳ್ಳು ಹೇಳುವವರು ಇದ್ದಾರೆಂಬ ಕಾರಣಕ್ಕೆ ಎಣಿಕೆಯನ್ನು ನಿಲ್ಲಿಸುವುದು, ಸುಳ್ಳನ್ನು ಹಿಡಿಯುವ ಒಂದೇ ದಾರಿಯನ್ನು ಮುಚ್ಚುವುದಕ್ಕೆ ಸಮ.

2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಸೋಲನ್ನು ತೋರಿಸಿ ಜಾತಿಯನ್ನು ಎಣಿಸಲು ಸಾಧ್ಯವೇ ಇಲ್ಲ ಎನ್ನುವುದು ಇನ್ನೊಂದು ವಾದ. 1931ರಲ್ಲಿ 4,147 ಇದ್ದ ಜಾತಿ ಹೆಸರುಗಳು ಆ ಗಣತಿಯಲ್ಲಿ 46 ಲಕ್ಷ ದಾಟಿದವೆಂದು ಕೇಂದ್ರ ಸರ್ಕಾರ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಆಗ ಗಣತಿದಾರರ ಕೈಗೆ ಹೆಸರುಗಳ ಸಿದ್ಧ ಪಟ್ಟಿ ಕೊಟ್ಟಿರಲಿಲ್ಲ. ಉಪಜಾತಿ, ಬೆಡಗು, ಗೋತ್ರ, ಮನೆತನ, ಕಾಗುಣಿತದ ತಪ್ಪು ಎಲ್ಲವೂ ಬೇರೆ ಬೇರೆ ಜಾತಿಗಳಾಗಿ ಕಂಪ್ಯೂಟರಿಗೆ ಹೋದವು. ಲಂಬಾಣಿ, ಬಂಜಾರ, ಸುಗಾಲಿ ಎಂಬುವು ಒಂದೇ ಜನದ ಹೆಸರುಗಳೆಂದು, ಅಂಬಿಗ, ಗಂಗಾಮತ, ಕಬ್ಬಲಿಗ ಎಂಬುವು ಹತ್ತಿರದ ನಂಟಿನವೆಂದು ಲಿಂಗಸುಗೂರಿನ ಯಾವ ಶಾಲಾ ಮಾಸ್ತರನಾದರೂ ಹೇಳುತ್ತಿದ್ದ. ಅದೇ 2011ರ ಜನಗಣತಿಯಲ್ಲಿ ಮಾತೃಭಾಷೆಯ ಪ್ರಶ್ನೆಗೆ ಜನ ಕೊಟ್ಟ ಉತ್ತರಗಳು 19,569. ಗಣತಿ ಇಲಾಖೆ ಅವುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳಾಗಿ ಪರಿಷ್ಕರಿಸಿತು, ಅವನ್ನು 121 ಭಾಷೆಗಳ ಅಡಿಯಲ್ಲಿ ಜೋಡಿಸಿತು. ಭಾಷೆಗಳನ್ನು ಎಣಿಸಲಾಗದು ಎಂದು ಯಾರೂ ಕೈಚೆಲ್ಲಲಿಲ್ಲ. ಒಂದು ಪ್ರಶ್ನೆಗೆ ಬಂದ ಗೊಂದಲವನ್ನು ಕೆಲಸವೆಂದು ಬಗೆದು, ಇನ್ನೊಂದು ಪ್ರಶ್ನೆಗೆ ಬಂದ ಗೊಂದಲವನ್ನು ದೈವೇಚ್ಛೆಯೆಂದು ಬಗೆಯುವುದರ ಹಿಂದೆ ಇರುವುದು ಅಸಾಮರ್ಥ್ಯವಲ್ಲ, ಮನಸ್ಸಿಲ್ಲದಿರುವಿಕೆ.

ಮನಸ್ಸಿಲ್ಲದಿರುವುದು ಏಕೆ ಎಂಬುದಕ್ಕೆ ಸಿಂಧನೂರಿನ ಗದ್ದೆಗಳೇ ಉತ್ತರ ಕೊಡುತ್ತವೆ. ದೇಶದಲ್ಲಿ ಹಿಂದುಳಿದ ವರ್ಗಗಳು ಶೇ 52 ಎಂಬ ಮಂಡಲ್ ಆಯೋಗದ ಅಂದಾಜು 1931ರ ಜಾತಿ ಕೋಷ್ಟಕಗಳನ್ನು ನೆಚ್ಚಿಕೊಂಡಿತ್ತು. 1931ರಲ್ಲಿ ತುಂಗಭದ್ರಾ ಅಣೆಕಟ್ಟು ಇರಲಿಲ್ಲ. ಅದು ಪೂರ್ಣಗೊಂಡದ್ದು 1953ರಲ್ಲಿ. ಎಡದಂಡೆ ನಾಲೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪ್‌ಗಳನ್ನು ಕಟ್ಟಿದರು, ಅಕ್ಕಿ ಗಿರಣಿಗಳು ಎದ್ದವು, ಭೂಮಿಯ ಬೆಲೆಯೂ ಒಡೆತನವೂ ಬದಲಾದವು. ಈ ಬದಲಾವಣೆಯಲ್ಲಿ ಯಾವ ಜಾತಿಗೆ ನೀರಾವರಿ ಭೂಮಿ ಎಷ್ಟು ಸೇರಿತು, ಯಾವ ಜಾತಿ ಕೂಲಿಗೆ ಇಳಿಯಿತು ಎಂದು ಹೇಳುವ ಅಧಿಕೃತ ಅಂಕಿ ಒಂದೂ ಇಲ್ಲ, ಏಕೆಂದರೆ ಕೃಷಿ ಗಣತಿಯೂ ಹಿಡುವಳಿಗಳನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದಷ್ಟೇ ವಿಂಗಡಿಸುತ್ತದೆ. ಇತರರು ಎಂಬ ಆ ಮನೆಯೊಳಗೆ ನೂರು ಎಕರೆಯ ಜಮೀನುದಾರನೂ ಅವನ ಬಟ್ಟೆ ಒಗೆಯುವ ಮಡಿವಾಳನೂ ಸೇರಿದ್ದಾರೆ. ಜಾತಿಯ ಎಣಿಕೆಯಿಂದ ಬಯಲಾಗಬಹುದಾದದ್ದು ಹಿಂದುಳಿದವರ ಸಂಖ್ಯೆಗಿಂತ ಹೆಚ್ಚಾಗಿ ಮುಂದುವರಿದವರ ಪಾಲು. ಅಳುಕು ಇರುವುದೂ ಅಲ್ಲಿಯೇ.

ರಾಜ್ಯದ ನಡೆ ಈ ಅಳುಕನ್ನು ಮತ್ತೆ ಮತ್ತೆ ತೋರಿಸಿದೆ. ಎಚ್. ಕಾಂತರಾಜ ಅಧ್ಯಕ್ಷತೆಯ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2015ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ಸಂಗ್ರಹಿಸಿದ ಮಾಹಿತಿಯು ಆಯೋಗದ ನಂತರದ ಅಧ್ಯಕ್ಷ ಕೆ. ಜಯಪ್ರಕಾಶ್ ಹೆಗ್ಡೆ ಅವರ ವರದಿಯಾಗಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿ 29ರಂದು. ಲಿಂಗಾಯತ ಮತ್ತು ಒಕ್ಕಲಿಗ ಮುಖಂಡರ ವಿರೋಧದ ನಡುವೆ 2025ರ ಜೂನ್‌ನಲ್ಲಿ, ಹತ್ತು ವರ್ಷ ಕಳೆದಿವೆ ಎಂಬ ಕಾನೂನಿನ ಕಾರಣವನ್ನು ಮುಂದಿಟ್ಟು, ಹೊಸ ಸಮೀಕ್ಷೆಗೆ ತೀರ್ಮಾನಿಸಲಾಯಿತು. ಕಪಾಟಿನಲ್ಲಿಟ್ಟು ಹಳತು ಮಾಡಿ, ಹಳತಾಯಿತೆಂದು ಎಸೆಯುವ ಈ ಜಾಣ್ಮೆಗೆ ಯಾವ ಪಕ್ಷವೂ ಹೊರತಲ್ಲ. ಇದೇ ಅವಧಿಯಲ್ಲಿ, 2019ರ 103ನೇ ತಿದ್ದುಪಡಿಯ ಮೂಲಕ ಮೀಸಲಾತಿಯ ಹೊರಗಿದ್ದ ಜಾತಿಗಳ ಬಡವರಿಗೆ ಶೇ 10ರಷ್ಟು ಮೀಸಲಾತಿ ಬಂದಾಗ ಅವರ ಸಂಖ್ಯೆ ಎಷ್ಟೆಂದು ಗಣತಿಯನ್ನು ಯಾರೂ ಕೇಳಲಿಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳು ಶೇ 3ರಿಂದ ಶೇ 7ಕ್ಕೆ ಏರಲು ಮಾತ್ರ 2011ರ ಗಣತಿಯ ಶೇ 6.95 ಎಂಬ ಅಂಕಿಯನ್ನು ಹಿಡಿದು 2022ರವರೆಗೆ ಬೀದಿಯಲ್ಲಿ ಕೂರಬೇಕಾಯಿತು. ಅಂಕಿ ಇದ್ದದ್ದರಿಂದ ಅವರಿಗೆ ಅಷ್ಟಾದರೂ ಸಾಧ್ಯವಾಯಿತು. ಉಪ್ಪಾರರಿಗೋ ಹೆಳವರಿಗೋ ಹಿಡಿಯಲು ಅಂತಹ ಅಂಕಿಯೇ ಇಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಎಣಿಕೆಯಾದೊಡನೆ ನ್ಯಾಯ ಬರುತ್ತದೆಂದು ಹಿಗ್ಗುವವರ ಪಕ್ಷ ಹಿಡಿದಂತಾಗುವುದಿಲ್ಲ. ದೇವದಾಸಿ ಪದ್ಧತಿಗೆ ಬಲಿಯಾದ ಮಹಿಳೆಯರ ಸಮೀಕ್ಷೆ ರಾಜ್ಯದಲ್ಲಿ 1993-94 ಮತ್ತು 2007-08ರಲ್ಲಿ ನಡೆದು 46 ಸಾವಿರಕ್ಕೂ ಹೆಚ್ಚು ಹೆಸರುಗಳು ದಾಖಲಾದವು. ರಾಯಚೂರು ಜಿಲ್ಲೆಯ ಮಾದಿಗ ಕೇರಿಗಳ ಅನೇಕ ಮಹಿಳೆಯರು ಆ ಪಟ್ಟಿಯಲ್ಲಿದ್ದಾರೆ. ಪಟ್ಟಿಯಲ್ಲಿದ್ದವರಿಗೆ ಸಿಕ್ಕಿದ್ದು ಸಣ್ಣ ಮಾಸಾಶನ, ಬಿಟ್ಟುಹೋದವರಿಗೆ ಅದೂ ಇಲ್ಲ. ಎಣಿಕೆಯ ಶಕ್ತಿ ಅಷ್ಟು ಅಲ್ಪ, ಎಣಿಕೆಯಾಗದಿರುವುದರ ನಷ್ಟ ಮಾತ್ರ ಪೂರ್ತಿ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ, ಅಂದರೆ ಪಟ್ಟಿಯೊಳಗಿನ ಜಾತಿಗಳ ನಡುವೆ ಪಾಲನ್ನು ಹಂಚುವ ಕ್ರಮ, ಮೂರು ದಶಕದ ಹೋರಾಟವಾದದ್ದಕ್ಕೂ ಹೆಸರಿನ ಗೋಜಲು ಒಂದು ಕಾರಣ: 2025ರಲ್ಲಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 101 ಜಾತಿಗಳ ಸಮೀಕ್ಷೆ ನಡೆಸಿದಾಗಲೂ, ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಹೇಳಿದವರನ್ನು ಎಡಗೈ ಗುಂಪಿಗೆ ಸೇರಿಸಬೇಕೋ ಬಲಗೈ ಗುಂಪಿಗೋ ಎಂಬುದು ದೊಡ್ಡ ಪ್ರಶ್ನೆಯಾಯಿತು. ಅವಮಾನದಿಂದ ಬಿಡುಗಡೆಗಾಗಿ ಒಂದು ತಲೆಮಾರು ತೊಟ್ಟ ಹೆಸರು ಇನ್ನೊಂದು ತಲೆಮಾರಿಗೆ ಪಾಲು ತಪ್ಪಿಸಬಲ್ಲದು.

ಆದ್ದರಿಂದ 2027ರ ಗಣತಿಯ ಬಗ್ಗೆ ತಕರಾರು ಮಾಡಬೇಕಾದ ಸ್ಥಳ ಬೇರೆ. ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗಗಳಲ್ಲಿರುವ ಎಲ್ಲ ಹೆಸರುಗಳೂ, ಪರ್ಯಾಯ ಹೆಸರುಗಳೂ, ನಾಮಶೂದ್ರದಂತಹ ಹೊರರಾಜ್ಯದ ಹೆಸರುಗಳೂ ಸಂಕೇತ ಸಂಖ್ಯೆಯೊಡನೆ ಗಣತಿದಾರನ ಮೊಬೈಲಿನಲ್ಲಿ ಇರಬೇಕು. ಜಾತಿಯ ಕೋಷ್ಟಕವು ಒಂಟಿ ತಲೆಲೆಕ್ಕವಾಗದೆ ಸಾಕ್ಷರತೆ, ಉದ್ಯೋಗ, ವಲಸೆ, ವಾಸದ ಮನೆಯ ಸ್ಥಿತಿಗಳೊಡನೆ ಹೆಣೆದುಕೊಂಡಿರಬೇಕು. ಜಾತಿ ಇಲ್ಲವೆನ್ನುವವರಿಗೂ ಒಂದು ಮನೆ ಇರಬೇಕು, ಅಂಥವರು ಎಷ್ಟಿದ್ದಾರೆಂಬುದೂ ತಿಳಿಯಲಿ. 1948ರ ಜನಗಣತಿ ಕಾಯ್ದೆಯು ವ್ಯಕ್ತಿಯ ಮಾಹಿತಿಯನ್ನು ಯಾರಿಗೂ ತೋರಿಸದಂತೆ ರಕ್ಷಿಸುತ್ತದೆ, ಆದರೆ ಒಟ್ಟು ಕೋಷ್ಟಕಗಳನ್ನು ಇಂತಿಷ್ಟು ದಿನದೊಳಗೆ ಹೊರತರಬೇಕೆಂದು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. 1941ರ ಮತ್ತು 2011ರ ಜಾತಿ ಮಾಹಿತಿ ಜಾರಿಹೋದದ್ದು ಇಂಥದೇ ಸಂದಿನಲ್ಲಿ. ಲಿಂಗಸುಗೂರು, ಸಿಂಧನೂರು, ಮಾನ್ವಿಗಳ ಹಳ್ಳಿಗಳಿಂದ ರೂಪುಗೊಂಡ ಮಸ್ಕಿಗೆ ತಾಲ್ಲೂಕಾಗಿ ಇದು ಮೊದಲ ಜನಗಣತಿ. ಅದರ ಜಾತಿ ಕೋಷ್ಟಕ ಯಾವ ತಿಂಗಳಲ್ಲಿ ಪ್ರಕಟವಾಗುತ್ತದೆ ಎಂಬುದನ್ನು ಗಣತಿಗೆ ಮುಂಚೆಯೇ ಅಧಿಸೂಚನೆಯಲ್ಲಿ ಬರೆಸಿಕೊಳ್ಳಬೇಕು.